ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣುವುದಿಲ್ಲ ಅಂದ ಮೇಲೂ ಎರಡು ವರ್ಷ ಮದ್ದು ಯಾಕೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಬಸ್ಸು ಹಿಡಿಯಲು ಗುಡ್ಡ ಇಳಿದು ಮೂರು ಕಿಲೋಮೀಟರ್ ನಡೆಯಬೇಕು. ಮಗಳಿಗೆ ಆರು ವರ್ಷ. ಎರಡು ತಿಂಗಳ ಹಿಂದೆ ಮಂಗಳೂರಿನಲ್ಲಿ ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಅಂದರು. ಮೊದಲ ಹಂತ ಮುಗಿದು ಈಗ ಮೂಳೆಯೊಳಗಿನ ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣುವುದಿಲ್ಲವಂತೆ, ಆದರೂ ಇನ್ನು ಎರಡು ವರ್ಷದ ಮೇಲೆ ಚಿಕಿತ್ಸೆ ಇದೆಯಂತೆ. ಗಂಡ ಅಡಿಕೆ ತೆಗೆಯುವ, ತೋಟಕ್ಕೆ ಮದ್ದು ಬಿಡುವ ಕೆಲಸಕ್ಕೆ ಹೋಗುವವರು. ಸ್ವಂತದ್ದು ಅರ್ಧ ಎಕರೆ ತೋಟ. ಗುಣವಾದ ಮೇಲೆ ಇಷ್ಟು ಖರ್ಚು ಯಾಕೆ, ಕಷಾಯ ಕೊಟ್ಟರೆ ಸಾಕು ಎಂದು ಮನೆಯಲ್ಲಿ ಹಿರಿಯರ ಮಾತು. ತಲಶ್ಶೇರಿಯ ಸರಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಬದಲಿಸಿದರೆ ಖರ್ಚು ಕಡಿಮೆಯಾದೀತೇ? ರಾತ್ರಿ ಜ್ವರ ಬಂದರೆ ಏನು ಮಾಡಬೇಕು? ಗುಡ್ಡಕ್ಕೆ ಕೊರೆದ ಸುರಂಗದ ನೀರು, ತಂಬುಳಿ ಕೊಡಬಹುದೇ? ಇದು ಗೇರು ತೋಟಗಳಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದಿಂದ ಬಂದದ್ದೇ? ಐದನೇ ಕ್ಲಾಸಿನ ಮಗ ಅಜ್ಜಿಮನೆಯಲ್ಲಿದ್ದಾನೆ, ಅವನೂ ಮಂಕಾಗಿದ್ದಾನೆ.

ಉತ್ತರ: ಹಿರಿಯರಿಗೆ ಕೊಡಬೇಕಾದ ಉತ್ತರ ಮೊದಲು. ‘ಕಾಣುವುದಿಲ್ಲ’ ಅಂದರೆ ‘ಇಲ್ಲ’ ಎಂದಲ್ಲ. ಎ.ಎಲ್.ಎಲ್. ಗೊತ್ತಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರಬಹುದು. ಮೊದಲ ತಿಂಗಳ ಮದ್ದಿನಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಸತ್ತರೂ ಸಾವಿರ ಕೋಟಿ ಉಳಿಯುತ್ತದೆ. ಅಷ್ಟು ಉಳಿದಿದ್ದರೂ ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಸರಿಯಾಗಿಯೇ ಕಾಣುತ್ತದೆ. ಹತ್ತು ಸಾವಿರ ಕಣಗಳಲ್ಲಿ ಒಂದಿದ್ದರೂ ಹಿಡಿಯುವ ಎಂ.ಆರ್.ಡಿ. ಎಂಬ ಪರೀಕ್ಷೆ ಇದೆ. ನಿಮ್ಮ ಮಗಳಿಗೆ ಅದನ್ನು ಮಾಡಿದ್ದಾರೆಯೇ, ಎಷ್ಟು ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ. 0.01 ಶೇಕಡಕ್ಕಿಂತ ಕಡಿಮೆ ಇದ್ದರೆ ಬಹಳ ಒಳ್ಳೆಯ ಸುದ್ದಿ. ಆದರೂ ಅದು ಮದ್ದು ನಿಲ್ಲಿಸಲು ಅಪ್ಪಣೆಯಲ್ಲ, ಮದ್ದು ಹಿಡಿದಿದೆ ಎಂಬುದಕ್ಕೆ ಸಾಕ್ಷಿ ಮಾತ್ರ.

ಉಳಿದ ಕಣಗಳು ಎಲ್ಲ ಒಂದೇ ಸಲ ಎಚ್ಚರವಾಗಿರುವುದಿಲ್ಲ. ಕೀಮೋ ಮದ್ದು ಹೆಚ್ಚಾಗಿ ಕೊಲ್ಲುವುದು ಒಡೆದು ಎರಡಾಗುತ್ತಿರುವ ಕಣವನ್ನು. ನಿದ್ದೆಯಲ್ಲಿರುವ ಕಣ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅದು ಏಳುವವರೆಗೆ ಕಾದು ಕೂರುವ ಮದ್ದು ಬೇಕು. ಕಣಗಳು ಅಡಗುವ ಇನ್ನೊಂದು ಜಾಗ ಮಿದುಳಿನ ಸುತ್ತಲಿನ ನೀರು. ರಕ್ತನಾಳಕ್ಕೆ ಕೊಟ್ಟ ಮದ್ದು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಬೆನ್ನಿಗೆ ಸೂಜಿ ಹಾಕುವುದು ಅದಕ್ಕಾಗಿ. ಬೆನ್ನಿನ ಸೂಜಿಯಿಂದ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತು ನಂಬಬೇಡಿ.

ಇನ್ನು ಮುಂದಿನ ಲೆಕ್ಕ. ಸುಮಾರು ಆರೆಂಟು ತಿಂಗಳು ಬಿಗಿಯಾದ ಚಿಕಿತ್ಸೆ: ಅಡ್ಮಿಟ್, ಬೆಳಿಗ್ಗೆ ಹೋಗಿ ಸಂಜೆ ಬರುವ ಡೇ ಕೇರ್, ರಕ್ತ, ಪ್ಲೇಟ್‌ಲೆಟ್. ಆಮೇಲೆ ಮೈಂಟೆನೆನ್ಸ್, ಅದು ಒಂದೂವರೆಯಿಂದ ಎರಡು ವರ್ಷ. ಅದರಲ್ಲಿ ಬಹುಪಾಲು ಮನೆಯಲ್ಲೇ ಮಾತ್ರೆ, ತಿಂಗಳಿಗೊಮ್ಮೆ ಆಸ್ಪತ್ರೆ. ಖರ್ಚೂ ಓಡಾಟವೂ ಎರಡು ವರ್ಷ ಇದೇ ತೂಕದಲ್ಲಿ ಇರುವುದಿಲ್ಲ ಎಂದು ಗಂಡನಿಗೆ ತಿಳಿಸಿ ಹೇಳಿ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ನಮ್ಮಲ್ಲಿ ಅಷ್ಟಿಲ್ಲದಿರುವುದಕ್ಕೆ ಮದ್ದು ಸಿಗದಿರುವುದು ಮುಖ್ಯ ಕಾರಣವಲ್ಲ. ತಡವಾಗಿ ಬರುವುದು, ಸೋಂಕಿನಿಂದ ಸಾಯುವುದು, ನಡುವೆ ಬಿಡುವುದು, ಈ ಮೂರೂ ದೊಡ್ಡ ಕಾರಣ. ಬಿಡುವುದೂ ಮೂರು ಕಡೆಗಳಲ್ಲಿ: ಈಗ ನೀವಿರುವ ಜಾಗದಲ್ಲಿ, ಅಂದರೆ ಮೊದಲ ಹಂತ ಮುಗಿದಾಗ, ರಕ್ತಕಣದ ಕೌಂಟ್ ಇಳಿದು ಕೀಮೋ ಎರಡು ವಾರ ಮುಂದೆ ಹೋದಾಗ, ಮತ್ತೆ ಮೈಂಟೆನೆನ್ಸಿನಲ್ಲಿ ಕೂದಲು ಬಂದು ಮಗು ಅಂಗಳದಲ್ಲಿ ಓಡಾಡತೊಡಗಿದಾಗ. ಹಾಗೆ ಬಿಟ್ಟು ರೋಗ ಮರುಕಳಿಸಿದರೆ ಮೊದಲಿನ ಮದ್ದಿಗೆ ಅದು ಬಗ್ಗುವುದು ಕಷ್ಟ. ಆಗ ಮಜ್ಜೆ ಕಸಿಯ ಮಾತು ಬರುತ್ತದೆ, ಖರ್ಚು ಹಲವು ಪಟ್ಟು.

ಜ್ವರದ ಮಾತಿಗೆ ಬರೋಣ. ಈ ಉತ್ತರದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಸಾಮಾನ್ಯ ಸೋಂಕು ಕೂಡ ಕೆಲವೇ ಗಂಟೆಗಳಲ್ಲಿ ರಕ್ತಕ್ಕಿಳಿದು ಮಗುವನ್ನು ಕೊಲ್ಲಬಹುದು. ಕೆಮ್ಮು, ಕೀವು ಯಾವುದೂ ಕಾಣದಿರಬಹುದು, ಏಕೆಂದರೆ ಕೀವು ಕಟ್ಟಲು ಬೇಕಾದ ಕಣವೇ ಇಲ್ಲ. ಕಾಣುವ ಗುರುತು ಜ್ವರ ಒಂದೇ.

ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ, ಇನ್ನೊಂದು ಆಸ್ಪತ್ರೆಯ ಚೀಲದಲ್ಲಿ. ಕೈಮುಟ್ಟಿ ನೋಡುವುದು ಲೆಕ್ಕಕ್ಕಿಲ್ಲ. ಕಂಕುಳು ಒರೆಸಿ, ಥರ್ಮಾಮೀಟರಿನ ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಕೈಯನ್ನು ಮೈಗೊತ್ತಿ ಹಿಡಿದು, ಬೀಪ್ ಆಗುವವರೆಗೆ ಕಾಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಅಂದರೆ 38 ಸೆಲ್ಸಿಯಸ್, ಗಂಟೆ ಎಷ್ಟೇ ಆಗಿರಲಿ ಹೊರಡಬೇಕು. ಕಂಕುಳಿನಲ್ಲಿ ಬಾಯಿಗಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 99.5ರ ಮೇಲಿದ್ದು ಮಗು ಸಪ್ಪಗಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಅಷ್ಟರಲ್ಲಿ ಚೀಲ ಕಟ್ಟಿಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು, ಎನಿಮಾವೂ ಬೇಡ; ಅಲ್ಲಿ ಸಣ್ಣ ಗಾಯವಾದರೂ ಸೋಂಕು ರಕ್ತಕ್ಕೆ ಹೋಗುತ್ತದೆ.

ಜ್ವರ ನೋಡಿದ ಕೂಡಲೇ ಪ್ಯಾರಾಸಿಟಮಾಲ್ ಕೊಟ್ಟು ‘ಬೆಳಿಗ್ಗೆ ನೋಡೋಣ’ ಅನ್ನುವುದೇ ದೊಡ್ಡ ತಪ್ಪು. ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಮೊದಲು ಅಳೆಯಿರಿ, ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದರೆ ಮಾತ್ರ ಕೊಡಿ. ಬ್ರುಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಯಾವತ್ತೂ ಬೇಡ. ರಕ್ತ ಸೋರುವುದು ಹೆಚ್ಚುತ್ತದೆ, ಮೆಥೊಟ್ರೆಕ್ಸೇಟ್ ಎಂಬ ಕೀಮೋ ಮದ್ದು ಮೈಯಿಂದ ಹೊರಹೋಗದೆ ವಿಷವೇರುತ್ತದೆ. ಪೇಟೆಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದೂ ಬೇಡ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಅಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ.

ನಿಮ್ಮ ಮನೆಯಿಂದ ರಾತ್ರಿ ಮಂಗಳೂರು ಮುಟ್ಟುವುದು ಹೊತ್ತಿನ ಕೆಲಸ. ಇಂಥ ಮಗು ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು ಎಂಬುದು ನಿಯಮ. ಹಾಗಾಗಿ ಮುಂದಿನ ಸಲ ಹೋದಾಗ ಚಿಕಿತ್ಸೆ ಮಾಡುವ ಡಾಕ್ಟರಲ್ಲಿ ಒಂದು ಪತ್ರ ಕೇಳಿ. ಮಗುವಿಗೆ ಎ.ಎಲ್.ಎಲ್. ಇದೆ, ಯಾವ ಹಂತ, ತೂಕ ಎಷ್ಟು, ಯಾವ ಮದ್ದಿಗೆ ಅಲರ್ಜಿ, ಜ್ವರ ಬಂದರೆ ಯಾವ ಆಂಟಿಬಯೋಟಿಕ್ ಎಷ್ಟು ಮಿಲಿಗ್ರಾಂ, ಫೋನ್ ಮಾಡಬೇಕಾದ ನಂಬರ್ ಯಾವುದು, ಇಷ್ಟು ಅದರಲ್ಲಿರಬೇಕು. ಇಂಗ್ಲಿಷಿನಲ್ಲಿ, ಸೀಲು ಸಹಿ ಸಮೇತ. ಮಳೆಗಾಲಕ್ಕೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎರಡು ಪ್ರತಿ ಮಾಡಿ. ಆ ಪತ್ರ ಹಿಡಿದು ಹಗಲು ಹೊತ್ತಿನಲ್ಲೇ ಒಮ್ಮೆ ಹತ್ತಿರದ ಆಸ್ಪತ್ರೆಗೆ ಹೋಗಿ: ಉಕ್ಕಿನಡ್ಕದ ಮೆಡಿಕಲ್ ಕಾಲೇಜು, ಕಾಸರಗೋಡಿನ ಜನರಲ್ ಆಸ್ಪತ್ರೆ, ಪುತ್ತೂರು ಕಡೆಯದ್ದು, ಯಾವುದು ಅನುಕೂಲವೋ ಅದು. ರಾತ್ರಿ ಎರಡು ಗಂಟೆಗೆ ಬಂದರೆ ಮಕ್ಕಳ ಡಾಕ್ಟರು ಇರುತ್ತಾರೆಯೇ, ಪತ್ರದಲ್ಲಿರುವ ಮೊದಲ ಡೋಸ್ ಹಾಕಿ ಕಳಿಸುತ್ತೀರಾ ಎಂದು ನೇರ ಕೇಳಿ. ಇಲ್ಲ ಅಂದರೆ ಇನ್ನೊಂದು ಕಡೆ ಕೇಳಿ. ಗುಡ್ಡದಿಂದ ಇಳಿಸಲು ಒಬ್ಬನಲ್ಲ, ಇಬ್ಬರು ಜೀಪಿನವರ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಆಸ್ಪತ್ರೆ ಮುಟ್ಟಿದ ಮೇಲೆ ಒ.ಪಿ. ಚೀಟಿಯ ಸಾಲಿನಲ್ಲಿ ನಿಲ್ಲಬೇಡಿ. ‘ಕೀಮೋ ಆಗುತ್ತಿರುವ ಮಗು, ಜ್ವರ’ ಎಂದು ಕ್ಯಾಶುವಾಲಿಟಿಯಲ್ಲಿ ಹೇಳಿ ಪತ್ರ ಕೊಡಿ.

ಜ್ವರವಿಲ್ಲದೆಯೂ ಓಡಬೇಕಾದ ಸಂದರ್ಭಗಳಿವೆ. ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ಅದು ಜ್ವರವನ್ನು ಮುಚ್ಚಿಡುತ್ತದೆ. ಕೈಕಾಲು ತಣ್ಣಗಾಗಿ, ಮಗು ಮಂಕಾಗಿ, ಮೂತ್ರ ಕಡಿಮೆಯಾದರೆ ಕಾಯಬೇಡಿ. ಅಸ್ಪ್ಯಾರಜಿನೇಸ್ ಇಂಜೆಕ್ಷನ್ ಆದ ವಾರಗಳಲ್ಲಿ ಬೆನ್ನಿಗೆ ಚುಚ್ಚುವಂಥ ಹೊಟ್ಟೆನೋವು ವಾಂತಿ ಬಂದರೆ ಮೇದೋಜೀರಕ ಗ್ರಂಥಿ ಊದಿರಬಹುದು, ಗ್ಯಾಸ್ ಎಂದು ಜೀರಿಗೆ ನೀರು ಕುಡಿಸುತ್ತಾ ಕೂರಬೇಡಿ. ಕೈಗೆ ಅಥವಾ ಎದೆಗೆ ಪೈಪು ಹಾಕಿದ್ದರೆ, ಅದನ್ನು ತೊಳೆದ ಅರ್ಧ ಗಂಟೆಯೊಳಗೆ ಚಳಿ ನಡುಕ ಬಂದರೆ ಸೋಂಕು ಪೈಪಿನಲ್ಲೇ ಇರಬಹುದು. ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಮಲ ಕಪ್ಪಾದರೆ, ತಲೆನೋವಿನ ಜೊತೆ ವಾಂತಿ ಬಂದರೆ, ಆಗಲೂ ಅಷ್ಟೇ.

ರಿಪೋರ್ಟ್ ಬಂದಾಗ ನೀವೇ ಒಂದು ಲೆಕ್ಕ ಹಾಕಲು ಕಲಿಯಿರಿ. ಒಟ್ಟು ಬಿಳಿ ಕಣದ ಸಂಖ್ಯೆಯನ್ನು ನ್ಯೂಟ್ರೊಫಿಲ್ (ಸೋಂಕನ್ನು ಎದುರಿಸುವ ಬಿಳಿ ಕಣ) ಶೇಕಡದಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 1,800, ನ್ಯೂಟ್ರೊಫಿಲ್ 20 ಇದ್ದರೆ 360. ಇದು 500ಕ್ಕಿಂತ ಕಡಿಮೆ ಇದ್ದರೆ ಮಗು ಅಪಾಯದಲ್ಲಿದೆ. ಆ ವಾರ ಬಂಧುಗಳು ಬರುವುದು ಬೇಡ, ನೇಮ ಜಾತ್ರೆ ಮದುವೆ ಬೇಡ. ಸಾವಿರದ ಮೇಲಿದ್ದರೆ ಅಂಗಳದಲ್ಲಿ ಆಡಲಿ, ಕಟ್ಟಿಹಾಕಬೇಡಿ.

ಈಗ ಮಾತ್ರೆ. ಮೈಂಟೆನೆನ್ಸಿನಲ್ಲಿ ಮುಖ್ಯವಾಗಿ ಎರಡು ಮದ್ದು: ದಿನಾ ರಾತ್ರಿ ಮೆರ್ಕ್ಯಾಪ್ಟೊಪ್ಯೂರಿನ್, ಅಂದರೆ ಸಿಕ್ಸ್ ಎಂಪಿ, ವಾರಕ್ಕೆ ಒಂದೇ ಸಲ ಮೆಥೊಟ್ರೆಕ್ಸೇಟ್. ವಾರದ ಮಾತ್ರೆಯನ್ನು ತಪ್ಪಿ ದಿನಾ ಕೊಟ್ಟರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ, ಕೌಂಟ್ ನೆಲಕಚ್ಚಿ ಪ್ರಾಣಕ್ಕೇ ಬರುತ್ತದೆ. ನಮ್ಮ ಗಡಿಯ ಜನಕ್ಕೆ ಇದರಲ್ಲೊಂದು ವಿಶೇಷ ಅಪಾಯ ಇದೆ. ಮಲಯಾಳದಲ್ಲಿ ‘ತಿಂಗಳಾಯ್ಚ’ ಎಂದರೆ ಸೋಮವಾರ. ಮಲಯಾಳ ಅಷ್ಟಾಗಿ ಬಾರದ ಅಜ್ಜಿಯ ಕಿವಿಗೆ ಅದು ‘ತಿಂಗಳು’ ಎಂದು ಬೀಳುತ್ತದೆ. ನರ್ಸು ವಾರಕ್ಕೊಮ್ಮೆ ಸೋಮವಾರ ಎಂದದ್ದು ಮನೆಯಲ್ಲಿ ತಿಂಗಳಿಗೊಮ್ಮೆ ಆಗಬಹುದು, ಅಥವಾ ತಿಂಗಳಿಡೀ ದಿನಾ ಆಗಬಹುದು. ಡಾಕ್ಟರ ಎದುರಲ್ಲೇ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ಹೌದೆನ್ನಿಸಿಕೊಂಡು ಬನ್ನಿ.

ಇನ್ನೊಂದು ಎಡವಟ್ಟು ಮಾತ್ರೆಯ ಅಳತೆಯಲ್ಲಿ. ಮೆಥೊಟ್ರೆಕ್ಸೇಟ್ 2.5 ಮಿಲಿಗ್ರಾಮಿನದ್ದೂ ಸಿಗುತ್ತದೆ, 10ರದ್ದೂ ಸಿಗುತ್ತದೆ. ನಿಮಗೆ ಹೇಳಿದ್ದು 15 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 2.5ರದ್ದಾದರೆ ಆರು ಮಾತ್ರೆ. ಮುಂದಿನ ತಿಂಗಳು ಅಂಗಡಿಯವನು 10ರದ್ದು ಕೊಟ್ಟು, ನೀವು ರೂಢಿಯಂತೆ ಆರು ಕೊಟ್ಟರೆ 60 ಮಿಲಿಗ್ರಾಂ, ನಾಲ್ಕು ಪಟ್ಟು ಆಯಿತು. ಆದ್ದರಿಂದ ‘ಆರು ಮಾತ್ರೆ’ ಎಂದು ನೆನಪಿಡಬೇಡಿ, ‘15 ಮಿಲಿಗ್ರಾಂ’ ಎಂದು ನೆನಪಿಡಿ. ಪ್ರತಿ ಸಲ ಸ್ಟ್ರಿಪ್ಪಿನ ಬೆನ್ನು ಓದಿ. ಬೆನ್ನಿನ ಸೂಜಿ ಇರುವ ವಾರ ಈ ಮಾತ್ರೆ ಕೊಡಬೇಕೇ ಬೇಡವೇ ಎಂದೂ ಕೇಳಿಕೊಳ್ಳಿ. ಅದರಲ್ಲೂ ಅದೇ ಮದ್ದು ಇರುವುದರಿಂದ ಹಲವು ಕಡೆ ಆ ವಾರ ಬಿಡಿಸುತ್ತಾರೆ.

ಸಿಕ್ಸ್ ಎಂಪಿ ಮಾತ್ರೆ ಸಾಮಾನ್ಯವಾಗಿ 50 ಮಿಲಿಗ್ರಾಮಿನದ್ದು. ಮಗುವಿನ ಮೈಯಳತೆಗೆ ಸರಿಹೊಂದಿಸಲು ಐದು ದಿನ ಒಂದು, ಎರಡು ದಿನ ಅರ್ಧ, ಹೀಗೆ ಬರೆದಿರುತ್ತಾರೆ. ತಿಂಗಳ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಮೊದಲೇ ‘1’ ಅಥವಾ ‘½’ ಎಂದು ಬರೆದು, ಕೊಟ್ಟ ಮೇಲೆ ಗೀಟು ಹಾಕಿ. ದಿನಾ ಒಂದೇ ಹೊತ್ತಿಗೆ, ರಾತ್ರಿ ಮಲಗುವ ಮುಂಚೆ. ನೂರರಲ್ಲಿ ಐದಕ್ಕಿಂತ ಹೆಚ್ಚು ಡೋಸ್ ತಪ್ಪಿಸಿದ ಮಕ್ಕಳಲ್ಲಿ ರೋಗ ಮರಳುವ ಸಂಭವ ಎರಡು ಪಟ್ಟಿಗಿಂತ ಹೆಚ್ಚು ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ರಾತ್ರಿ ಮರೆತರೆ ಆ ಗೆರೆ ದಾಟಿತು. ಕೊಟ್ಟ ಕೂಡಲೇ ವಾಂತಿಯಾದರೆ ನೀವೇ ಇನ್ನೊಂದು ಕೊಡಬೇಡಿ, ಫೋನ್ ಮಾಡಿ. ಮಾತ್ರೆ ಮುಟ್ಟುವಾಗ ಕೈಗೆ ಗ್ಲೌಸ್ ಇರಲಿ. ಅಡುಗೆಯ ಕಲ್ಲಿನಲ್ಲಿ ಅರೆಯುವುದು ಬೇಡ. ಪುಡಿ ಮಾಡಬೇಕಾಗಿದ್ದರೆ ಹೇಗೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ, ಅದಕ್ಕೆ ಬಳಸಿದ ಚಮಚ ಅದಕ್ಕೇ ಮೀಸಲಿಡಿ. ಮನೆಯಲ್ಲಿ ಬಸುರಿ ಇದ್ದರೆ ಅವಳು ಮುಟ್ಟಬಾರದು. ಕೀಮೋ ಆದ 48 ಗಂಟೆ ಮಗುವಿನ ವಾಂತಿ, ಮೂತ್ರ ತಾಗಿದ ಬಟ್ಟೆ ಬೇರೆಯಾಗಿ ಒಗೆಯಿರಿ.

ವಾರದಲ್ಲಿ ಎರಡು ಮೂರು ದಿನ ಕೋಟ್ರೈಮಾಕ್ಸಜೋಲ್ ಕೂಡ ಬರೆದಿರುತ್ತಾರೆ. ಶೀತವೂ ಇಲ್ಲ, ಇದ್ಯಾಕೆ ಎಂದು ಬಿಡುವವರೇ ಹೆಚ್ಚು. ಕೀಮೋ ಮಕ್ಕಳಿಗೆ ಬರುವ ಒಂದು ಬಗೆಯ ನ್ಯುಮೋನಿಯಾವನ್ನು ತಡೆಯಲು ಅದು.

ನಮ್ಮ ಕಡೆ ಮಳೆಗಾಲದಲ್ಲಿ ತುರಿ ಹುಣ್ಣು, ಗಜಕರ್ಣ ಸಾಮಾನ್ಯ. ಅದಕ್ಕೆ ಚರ್ಮದ ಡಾಕ್ಟರು ಇಟ್ರಕೊನಜೋಲ್ ಗುಳಿಗೆ ಬರೆದರೆ, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಇಂಜೆಕ್ಷನ್ ಆಗುತ್ತಿರುವ ಮಗು ಎಂದು ಹೇಳಿ. ಎರಡೂ ಸೇರಿದರೆ ನರಕ್ಕೆ ಪೆಟ್ಟು: ಮಲಬದ್ಧತೆ, ದವಡೆನೋವು, ನಡೆಯುವಾಗ ಪಾದ ಎಳೆಯುವುದು. ಗುಳಿಗೆ ಇಲ್ಲದೆಯೂ ಇವು ಕಾಣಿಸಿಕೊಂಡರೆ ಮುಂದಿನ ಇಂಜೆಕ್ಷನ್ನಿಗೆ ಮುಂಚೆ ತಿಳಿಸಬೇಕು.

ಕಷಾಯದ ಬಗ್ಗೆ ಹಿರಿಯರ ಜೊತೆ ಜಗಳ ಬೇಡ, ಕಾರಣ ಹೇಳಿ. ಮೆಥೊಟ್ರೆಕ್ಸೇಟ್, ಸಿಕ್ಸ್ ಎಂಪಿ ಎರಡೂ ಯಕೃತ್ತಿನ ಮೇಲೆ ಭಾರ. ಅಮೃತಬಳ್ಳಿಯಿಂದಲೇ ಯಕೃತ್ತು ಊದಿ ಕಾಮಾಲೆಯಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಕಷಾಯದಿಂದ ಯಕೃತ್ತು ಕೆಟ್ಟರೂ ಡಾಕ್ಟರಿಗೆ ಅದು ಕೀಮೋದ ಕೆಲಸವೆಂದೇ ಕಾಣುತ್ತದೆ. ಅವರು ಕೀಮೋ ನಿಲ್ಲಿಸುತ್ತಾರೆ. ಕಷಾಯದ ನಿಜವಾದ ಬೆಲೆ ಅದು. ‘ರಕ್ತ ಹೆಚ್ಚುವ’ ಟಾನಿಕ್ಕನ್ನೂ ಕೇಳದೆ ಕೊಡಬೇಡಿ. ಅದರಲ್ಲಿರುವ ಫೋಲಿಕ್ ಆಸಿಡ್ ಮೆಥೊಟ್ರೆಕ್ಸೇಟಿನ ಕೆಲಸಕ್ಕೆ ಅಡ್ಡ ಬರುತ್ತದೆ. ಅಜ್ಜಿಗೆ ಏನಾದರೂ ಮಾಡಲೇಬೇಕೆಂದಿದ್ದರೆ ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ ಬಿಸಿಬಿಸಿ ಕೊಡಲಿ.

ಊಟದಲ್ಲಿ ಸೂತ್ರ ಒಂದೇ: ಬೇಯಿಸಿದ್ದು, ಬಿಸಿಯದ್ದು, ಮನೆಯದ್ದು. ಗಂಜಿ, ನೀರುದೋಸೆ, ತೊವ್ವೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಮೀನು ತಿನ್ನುವವರಾದರೆ ಚೆನ್ನಾಗಿ ಬೆಂದ ಮೀನು, ಸಿಪ್ಪೆ ಸುಲಿಯುವ ಬಾಳೆಹಣ್ಣು. ಹಸಿ ಸೊಪ್ಪು ಅರೆದ ತಂಬುಳಿ ಬೇಡ. ಎಲೆಗೆ ಅಂಟಿದ ಮಣ್ಣಿನ ಕೀಟಾಣು ತೊಳೆದರೂ ಪೂರ್ತಿ ಹೋಗುವುದಿಲ್ಲ; ಅದೇ ಸೊಪ್ಪನ್ನು ಬೇಯಿಸಿ ಸಾರು ಮಾಡಿ. ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಮಜ್ಜಿಗೆಯನ್ನು ಆಸ್ಪತ್ರೆಯವರು ಬೇಡ ಎನ್ನದಿದ್ದರೆ ಕೊಡಬಹುದು. ಅತಿ ಪಥ್ಯ ಮಾಡಿ ಮಗುವನ್ನು ಒಣಗಿಸುವುದೂ ಅಪಾಯ. ತೂಕ ಇಳಿದ ಮಗು ಕೀಮೋ ತಡೆಯುವುದಿಲ್ಲ. ಸ್ಟೀರಾಯ್ಡ್ ದಿನಗಳಲ್ಲಿ ನಡುರಾತ್ರಿ ಎದ್ದು ಅನ್ನ ಕೇಳುತ್ತಾಳೆ, ಸಣ್ಣ ಮಾತಿಗೆ ಕಿರುಚುತ್ತಾಳೆ. ಅದು ಹಟವಲ್ಲ, ಮದ್ದು. ಆಗ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಕೈಗೆ ಸಿಗದ ಹಾಗಿರಲಿ, ಹಸಿವಿಗೆ ಕಡುಬು ಇಡ್ಲಿ ಇರಲಿ.

ಸುರಂಗದ ನೀರು ತಂಪು, ಸಿಹಿ, ಎಲ್ಲ ಸರಿ. ಆದರೆ ಬಾವಲಿ, ಇಲಿ, ಮಣ್ಣು ದಾಟಿ ಬರುವ ನೀರದು. ಕೊತಕೊತ ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಕುದಿಸಿದ ನೀರು ಕೆಡುವುದು ಹೆಚ್ಚಾಗಿ ಆಮೇಲೆ, ಎಲ್ಲರೂ ಲೋಟ ಮುಳುಗಿಸುವುದರಿಂದ. ನಳ್ಳಿ ಇರುವ ಪಾತ್ರೆ ಒಂದು ಕೊಂಡರೆ ಆ ತಲೆಬಿಸಿ ಇಲ್ಲ.

ತೋಟದ ಮನೆಯಲ್ಲಿ ಇನ್ನೆರಡು ಜಾಗ್ರತೆ. ಅಡಿಕೆ ಸುಲಿಯುವಾಗ, ಬೂಷ್ಟು ಹಿಡಿದ ಸಿಪ್ಪೆ ರಾಶಿ ಕೆದಕುವಾಗ, ಹಟ್ಟಿಯ ಗೊಬ್ಬರ ತೆಗೆಯುವಾಗ ಮಗು ಆ ಗಾಳಿಯಲ್ಲಿರಬಾರದು. ಆ ಶಿಲೀಂಧ್ರದ ಪುಡಿ ಶ್ವಾಸಕೋಶದಲ್ಲಿ ಕೂತರೆ ತೆಗೆಯುವುದು ಕಷ್ಟ. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ಕೆಸರಿಗೆ ಇಳಿಯುವುದೂ ಬೇಡ, ಇಲಿಜ್ವರದ ಭಯ. ಮದ್ದು ಬಿಟ್ಟು ಬಂದ ಅಪ್ಪ ಮಿಂದು ಬಟ್ಟೆ ಬದಲಿಸಿ ಆಮೇಲೆ ಎತ್ತಿಕೊಳ್ಳಲಿ.

ತಲಶ್ಶೇರಿಯೋ ಮಂಗಳೂರೋ? ಚಿಕಿತ್ಸೆಯ ದೃಷ್ಟಿಯಲ್ಲಿ, ಸರಿಯಾಗಿ ನಡೆಯುತ್ತಿರುವುದನ್ನು ನಡುವೆ ಕೀಳುವುದು ಒಳ್ಳೆಯದಲ್ಲ. ಒಂದೊಂದು ಆಸ್ಪತ್ರೆಯ ಕ್ರಮ ಒಂದೊಂದು ತೆರ. ಆದರೆ ಹಣ ಮುಗಿದು ಚಿಕಿತ್ಸೆಯೇ ನಿಲ್ಲುವ ಹಾಗಿದ್ದರೆ ಬದಲಿಸುವುದೇ ಸರಿ, ಮತ್ತು ಅದನ್ನು ಹಣ ಮುಗಿಯುವ ಮುಂಚೆ ಮಾಡಬೇಕು. ಮೊದಲು ನಿಮ್ಮ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡನ್ನು, ಅಂದರೆ ಕೇರಳದ ಆರೋಗ್ಯ ವಿಮೆಯ ಕಾರ್ಡನ್ನು ನೋಡಿ. ಕೇಂದ್ರದ ಆಯುಷ್ಮಾನ್ ಯೋಜನೆಯೊಂದಿಗೆ ಸೇರಿರುವ ಇದರಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ, ಪಟ್ಟಿಯಲ್ಲಿರುವ ಹೊರರಾಜ್ಯದ ಆಸ್ಪತ್ರೆಯಲ್ಲೂ ನಡೆಯಬೇಕು. ಮಂಗಳೂರಿನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ‘ಕಾರ್ಡು ತೆಗೆದುಕೊಳ್ಳುತ್ತೀರಾ’ ಎಂದಷ್ಟೇ ಕೇಳಿದರೆ ಸಾಲದು. ಕೇರಳದ ಕಾರ್ಡು, ಮಕ್ಕಳ ರಕ್ತದ ಕ್ಯಾನ್ಸರ್, ಕೀಮೋ, ಈ ಮೂರಕ್ಕೂ ಅನುಮತಿ ಇದೆಯೇ ಎಂದು ಕೇಳಿ. ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದೇ ಬಿಲ್ಲಿನ ದಿನ ಗೊತ್ತಾಗುವುದು.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕೇರಳ ಸರಕಾರದ ಅಡಿಯದ್ದು. 18 ವರ್ಷದೊಳಗಿನ ಮಕ್ಕಳಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ 2008ರಲ್ಲಿ ಶುರುಮಾಡಿದ ‘ಕ್ಯಾನ್ಸರ್ ಸುರಕ್ಷಾ’ ಯೋಜನೆ ನಡೆಯುವುದು ಕೇರಳದ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಮಂಗಳೂರಿನಲ್ಲಿ ಅದಿಲ್ಲ. ಈಗ ಅದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ತಲಶ್ಶೇರಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ಕೇಳಿ. ಬದಲಿಸುವುದಾದರೆ ಕೊಂಡೊಯ್ಯಬೇಕಾದ್ದು ಬರೀ ಡಿಸ್‌ಚಾರ್ಜ್ ಸಮ್ಮರಿ ಅಲ್ಲ: ಮೊದಲ ಮಜ್ಜೆ ಪರೀಕ್ಷೆಯ ರಿಪೋರ್ಟ್, ಫ್ಲೋ ಸೈಟೊಮೆಟ್ರಿ (ಕ್ಯಾನ್ಸರ್ ಕಣದ ಬಗೆ ಗುರುತಿಸುವ ಪರೀಕ್ಷೆ), ವರ್ಣತಂತು ಪರೀಕ್ಷೆ, ಎಂ.ಆರ್.ಡಿ., ಯಾವ ಪ್ರೊಟೊಕಾಲ್ (ಚಿಕಿತ್ಸೆಯ ಕ್ರಮ), ಈವರೆಗೆ ಪ್ರತಿ ಮದ್ದೂ ಒಟ್ಟು ಎಷ್ಟು ಹೋಗಿದೆ, ಬೆನ್ನಿನ ಸೂಜಿಯ ತಾರೀಕುಗಳು. ಹೃದಯಕ್ಕೆ ಭಾರವಾಗುವ ಕೆಂಪು ಬಣ್ಣದ ಕೀಮೋ ಮದ್ದಿನ ಒಟ್ಟು ಅಳತೆ ಗೊತ್ತಿಲ್ಲದಿದ್ದರೆ ಹೊಸ ಡಾಕ್ಟರಿಗೆ ಕೈಕಟ್ಟಿದ ಹಾಗೆ.

ಮಂಗಳೂರಿನಲ್ಲೇ ಮುಂದುವರಿಸಿದರೂ ಇವುಗಳ ಪ್ರತಿ ಗಡಿಯ ಈಚೆ ಒಂದಿರಲಿ, ಮಾತ್ರೆ ಯಾವಾಗಲೂ ಒಂದು ವಾರಕ್ಕೆ ಹೆಚ್ಚಿರಲಿ. 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಗತಿ ಏನಾಯಿತೆಂದು ನಿಮ್ಮೂರಲ್ಲಿ ಯಾರೂ ಮರೆತಿರಲಾರರು.

ಓಡಾಟಕ್ಕೆ ರೈಲಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ 75 ಶೇಕಡ ರಿಯಾಯಿತಿ. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆಸಿ ಕೌಂಟರಿನಲ್ಲಿ ಟಿಕೆಟ್ ಮಾಡಿಸಬೇಕು. ಮದ್ದಿಗೆ ಕೇರಳದ ಕಾರುಣ್ಯ ಫಾರ್ಮಸಿ ನೋಡಿ. 2024ರಿಂದ ಜಿಲ್ಲೆಗೊಂದರಂತೆ 14 ಕಡೆ ‘ಕಾರುಣ್ಯ ಸ್ಪರ್ಶಂ’ ಕೌಂಟರಿನಲ್ಲಿ ಕ್ಯಾನ್ಸರ್ ಮದ್ದು ಲಾಭವಿಲ್ಲದೆ ಮಾರುತ್ತಾರೆ. ಮುಖ್ಯಮಂತ್ರಿ ನಿಧಿಗೆ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ, ಕ್ಯಾನ್ಸರ್ ಪಿಂಚಣಿಗೆ ವಿಲೇಜ್ ಆಫೀಸಿನಲ್ಲಿ ವಿಚಾರಣೆ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೆ ಇದೆ. ಫಾರಂ ಮಲಯಾಳದಲ್ಲಿದೆ ಎಂದು ತಿಳಿಯದೆ ಸಹಿ ಹಾಕಬೇಡಿ. ಮನೆಗೆ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ಕರೆಯಲು ಹಿಂಜರಿಕೆ ಬೇಡ. ಅವರು ಸಾಯುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ತೋಟ ಮಾರುವ ಮಾತು ಇದೆಲ್ಲ ಮುಗಿಸಿದ ಮೇಲೆ ಬರಲಿ.

ಎಂಡೋಸಲ್ಫಾನ್ ಕಾರಣವೇ ಎಂದು ಒಂದು ಮಗುವಿನ ವಿಷಯದಲ್ಲಿ ಯಾವ ಪರೀಕ್ಷೆಯೂ ಹೇಳಲಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಸಿಂಪಡಣೆ ನಿಂತದ್ದು ನಿಮ್ಮ ಮಗಳು ಹುಟ್ಟುವ ಎಷ್ಟೋ ವರ್ಷ ಮುಂಚೆ. ನೀವು ಬಸುರಿಯಾಗಿದ್ದಾಗ ತಿಂದದ್ದು, ಮಾಡಿದ್ದು ಯಾವುದೂ ಕಾರಣವಲ್ಲ ಎಂದು ಮಾತ್ರ ಧೈರ್ಯವಾಗಿ ನಂಬಿ. ಸಂತ್ರಸ್ತರ ಪಟ್ಟಿಗೆ ಅರ್ಹತೆ ಇದೆಯೇ ಎಂದು ಪಂಚಾಯತಿನಲ್ಲಿ ಕೇಳಿ. ಅದರ ಉತ್ತರಕ್ಕೆ ಕಾಯುತ್ತಾ ಚಿಕಿತ್ಸೆ ತಡಮಾಡಬೇಡಿ.

ಕೊನೆಗೆ ಮಗ. ಈ ರೋಗ ಅಂಟುವುದಿಲ್ಲ, ತಂಗಿಯ ಜೊತೆ ಮಲಗಿದರೂ ಬರುವುದಿಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಿ. ಹತ್ತು ವರ್ಷದ ಹುಡುಗ, ತಾನು ಹೊಡೆದದ್ದರಿಂದ ಬಂತು ಎಂದುಕೊಂಡಿರುವುದೂ ಉಂಟು. ಅಣ್ಣನ ಮಜ್ಜೆ ಕೊಡಬೇಕಂತೆ ಎಂದು ಯಾರಾದರೂ ಹೆದರಿಸಿದ್ದರೆ, ಮೊದಲ ಚಿಕಿತ್ಸೆಗೆ ಸರಿಯಾಗಿ ಬಗ್ಗಿದ ಹೆಚ್ಚಿನ ಮಕ್ಕಳಿಗೆ ಕಸಿಯೇ ಬೇಕಾಗುವುದಿಲ್ಲ ಎಂದು ತಿಳಿಸಿ. ಕೌಂಟ್ ಸರಿಯಿದ್ದು ಅವನಿಗೆ ಶೀತ ಜ್ವರ ಇಲ್ಲದ ವಾರಾಂತ್ಯಗಳಲ್ಲಿ ಮನೆಗೆ ಕರೆತನ್ನಿ. ಮಾತ್ರೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುವ ಕೆಲಸ ಆ ದಿನಗಳಲ್ಲಿ ಅವನದ್ದಾಗಲಿ. ಮಾತ್ರೆ ಕೊಡುವುದು ಮಾತ್ರ ನೀವೇ.

ಅವನ ಲಸಿಕೆಯ ಕಾರ್ಡನ್ನೂ ನೋಡಿ. ಮಗಳಿಗೆ ಚಿಕಿತ್ಸೆ ಮುಗಿದು ಸುಮಾರು ಆರು ತಿಂಗಳಾಗುವವರೆಗೆ ದಡಾರ, ಚಿಕನ್ ಪಾಕ್ಸ್, ಬಾಯಿಗೆ ಹಾಕುವ ಪೋಲಿಯೋದಂಥ ಜೀವಂತ ಲಸಿಕೆ ಕೊಡಬಾರದು. ಮನೆಯಲ್ಲಿ ಐದು ವರ್ಷದೊಳಗಿನ ಬೇರೆ ಮಗು ಇದ್ದರೆ ಅದಕ್ಕೂ ಪೋಲಿಯೋ ಹನಿ ಬೇಡ, ಇಂಜೆಕ್ಷನ್ ಕೊಡಿಸಿ; ಪಲ್ಸ್ ಪೋಲಿಯೋ ದಿನ ಆಶಾ ಕಾರ್ಯಕರ್ತೆಗೆ ಕಾರಣ ಹೇಳಿ. ಮಗನ ಶಾಲೆಯಲ್ಲಿ ಯಾರಿಗಾದರೂ ಚಿಕನ್ ಪಾಕ್ಸ್ ಎಂದರೆ ಟೀಚರು ಅದೇ ದಿನ ಫೋನ್ ಮಾಡಲಿ. ಮಗಳಿಗೆ ಸೋಂಕು ತಗುಲಿರುವ ಸಂಶಯ ಇದ್ದರೆ ತಡೆಯುವ ಇಂಜೆಕ್ಷನ್ ಕೊಡುವುದು ಮೊದಲ ನಾಲ್ಕು ದಿನದೊಳಗೆ ಆದಷ್ಟೂ ಒಳ್ಳೆಯದು, ಗುಳ್ಳೆ ಏಳಲಿ ಎಂದು ಕಾಯಬಾರದು. ಮಗನಿಗೆ ದಡಾರದ ಎರಡೂ ಡೋಸ್ ಆಗಿರಲಿ. ಅವನಿಗೆ ಚಿಕನ್ ಪಾಕ್ಸ್ ಬಂದೇ ಇಲ್ಲವಾದರೆ ಅದರ ಲಸಿಕೆಯನ್ನೂ ಹಾಕಿಸಬಹುದು. ಹಾಕಿಸಿದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ, ಅವು ಒಣಗುವವರೆಗೆ ಅಜ್ಜಿಮನೆಯಲ್ಲೇ ಇರಲಿ.